ಬಂಡೆ ಸಂದಿಯ ಗೋಧಿ, ಪ್ಯಾರಿಸ್ಸಿನ ಗಡಿರೇಖೆ

ಕಾಡುಗೋಧಿ ನೋಡಲು ಉತ್ತರ ಇಸ್ರೇಲಿನ ರೋಶ್ ಪಿನ್ನಾಕ್ಕೆ ಹೋಗುವುದಾದರೆ ಏಪ್ರಿಲ್ ನಡುವಿನಿಂದ ಮೇ ನಡುವಿನೊಳಗೆ ಹೋಗಬೇಕು. ಮಾರ್ಚಿನಲ್ಲಿ ಹೋದರೆ ಇಡೀ ಇಳಿಜಾರು ಹಸಿರು, ಯಾವ ಹುಲ್ಲು ಯಾವುದೆಂದು ಗೊತ್ತಾಗುವುದಿಲ್ಲ. ಜೂನ್ ದಾಟಿತೋ, ತೆನೆಯೆಲ್ಲ ಉದುರಿ ಬರೀ ದಂಟು ನಿಂತಿರುತ್ತದೆ. ಊರಿಗೆ ಬರುವವರಲ್ಲಿ ಹೆಚ್ಚಿನವರಿಗೆ ಈ ಲೆಕ್ಕ ಬೇಕಿಲ್ಲ. ಅವರು ಬರುವುದು 1882ರ ವಲಸಿಗರು ಕಟ್ಟಿದ ಕಲ್ಲುಮನೆಗಳ ಬೀದಿಗೆ, ಅಲ್ಲಿನ ಚಿತ್ರಶಾಲೆಗಳಿಗೆ, ವಿಪರೀತ ದುಬಾರಿಯಾದ ಕಾಫಿಗೆ. ಬೀದಿ ಚೆನ್ನಾಗಿಯೇ ಇದೆ, ಅರ್ಧ ಗಂಟೆ ಸಾಕು. ನೋಡಬೇಕಾದದ್ದು ಮನೆಗಳ ಹಿಂದಿನ ಗುಡ್ಡದಲ್ಲಿದೆ.

1906ರ ಜೂನ್‌ನಲ್ಲಿ ಇಲ್ಲಿನ ದ್ರಾಕ್ಷಿ ತೋಟವೊಂದರ ಬಂಡೆ ಸಂದಿಯಲ್ಲಿ ಕಾಡುಗೋಧಿಯ ಒಂಟಿ ಗಿಡವೊಂದು ಆರನ್ ಆರನ್‌ಸನ್ ಎಂಬ ಕೃಷಿ ವಿಜ್ಞಾನಿಯ ಕಣ್ಣಿಗೆ ಬಿತ್ತು. ರೊಮೇನಿಯಾದ ಬಕಾವ್‌ನಲ್ಲಿ 1876ರಲ್ಲಿ ಹುಟ್ಟಿ, ಆರನೆಯ ವಯಸ್ಸಿಗೆ ತಂದೆತಾಯಿಯ ಜೊತೆ ಆಟೊಮನ್ ಆಳ್ವಿಕೆಯ ಪ್ಯಾಲೆಸ್ಟೈನಿಗೆ ಬಂದ ಯಹೂದಿ ಆತ. ಯಹೂದಿ ವಲಸಿಗರ ಊರುಗಳಿಗೆ ದುಡ್ಡು ಹಾಕುತ್ತಿದ್ದ ಧನಿಕ ಬ್ಯಾರನ್ ಎಡ್ಮಂಡ್ ಡಿ ರಾತ್ಸ್‌ಚೈಲ್ಡ್ ಖರ್ಚಿನಲ್ಲಿ ಫ್ರಾನ್ಸಿನ ಗ್ರಿನ್ಯೋಂ ಕೃಷಿ ಶಾಲೆಯಲ್ಲಿ ಓದಿ ಬಂದ. ಬ್ಯಾರನ್ನನ ಅಧಿಕಾರಿಗಳ ಜೊತೆ ಜಗಳವಾಡಿ ಕೆಲಸ ಬಿಟ್ಟು, ಸ್ವಂತ ಬಲದ ಮೇಲೆ ಮಣ್ಣು, ಬಂಡೆ, ಗಿಡ ಹುಡುಕುತ್ತ ಸೀಮೆಯೆಲ್ಲ ಅಲೆದ. ಮುಂದೆ ಮಿಡತೆ ನಿಯಂತ್ರಣದ ಅಧಿಕಾರಿ, ಗೂಢಚಾರ, ಕೊನೆಗೆ ಶಾಂತಿ ಸಮ್ಮೇಳನದಲ್ಲಿ ಗಡಿ ವಾದಿಸುವ ಪ್ರತಿನಿಧಿ. ಈ ಎಲ್ಲ ವೇಷಗಳಿಗೂ ಬಂಡವಾಳ ಒಂದೇ: ಯಾವ ನೆಲದಲ್ಲಿ ಏನು ಬೆಳೆಯುತ್ತದೆ, ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ತಿಳಿವಳಿಕೆ. ಅದಕ್ಕೇ ಪ್ರವಾಸವನ್ನು ಅವನ ಮನೆಯಿಂದ ಅಲ್ಲ, ಈ ಗುಡ್ಡದಿಂದ ಶುರುಮಾಡುವುದು ಸರಿ.

ಆ ಗಿಡ ಆಕಸ್ಮಿಕವಾಗಿ ಸಿಕ್ಕಿದ್ದಲ್ಲ. 1855ರಲ್ಲಿ ಥಿಯೋಡರ್ ಕಾಟ್ಶಿ ಎಂಬ ಸಸ್ಯಶಾಸ್ತ್ರಜ್ಞ ಹೆರ್ಮೋನ್ ಬೆಟ್ಟದ ಮಗ್ಗುಲಲ್ಲಿ ಕಾಡುಬಾರ್ಲಿ ಎಂದುಕೊಂಡು ಒಂದು ಕಟ್ಟು ಹುಲ್ಲು ಒಣಗಿಸಿ ತಂದಿದ್ದ. 1873ರಲ್ಲಿ ವಿಯೆನ್ನಾದ ಸಂಗ್ರಹದಲ್ಲಿ ಅದನ್ನು ಬಿಡಿಸಿ ನೋಡಿದ ಫ್ರೆಡ್ರಿಕ್ ಕೋರ್ನಿಕೆಗೆ ಬಾರ್ಲಿಯ ನಡುವೆ ಗೋಧಿಯ ತೆನೆಯ ತುಂಡು ಕಂಡಿತು. ಯಾರೂ ಬಿತ್ತದೆ ತಾನಾಗಿ ಬೆಳೆದ ಗೋಧಿ! 1889ರಲ್ಲಿ ಕೋರ್ನಿಕೆ ಅದನ್ನು ಬಹಿರಂಗಪಡಿಸಿದರೂ ಎಷ್ಟೋ ವಿದ್ವಾಂಸರು ಒಪ್ಪಲಿಲ್ಲ. ಗಿಡವನ್ನು ಅದು ಬೆಳೆದ ಜಾಗದಲ್ಲೇ ಕಂಡವರು ಯಾರೂ ಇರಲಿಲ್ಲ. ಬರ್ಲಿನ್ನಿನ ವಿಜ್ಞಾನಿಗಳು ಹುಡುಕಿ ನೋಡು ಎಂದು ಆರನ್‌ಸನ್ ಬೆನ್ನುಹತ್ತಿದರು. 1904ರಲ್ಲಿ ಹುಡುಕಿದಾಗ ಸಿಗಲಿಲ್ಲ. 1906ರಲ್ಲಿ ರೋಶ್ ಪಿನ್ನಾದಲ್ಲಿ ಸಿಕ್ಕಿತು, ಆಮೇಲೆ ಹೆರ್ಮೋನ್ ತಪ್ಪಲಲ್ಲಿ, ಜೋರ್ಡಾನ್ ನದಿಯಾಚೆಗೂ ಸಿಕ್ಕಿತು.

ಗುಡ್ಡ ಹತ್ತುವವರಿಗೆ ಕಾಟ್ಶಿಯ ಗೊಂದಲವೇ ಮೊದಲು ಎದುರಾಗುತ್ತದೆ. ಕಾಡುಬಾರ್ಲಿ ಎಲ್ಲೆಂದರಲ್ಲಿ ಇದೆ, ಕಾಡುಗೋಧಿ ಅದರ ನಡುವೆ ಅಡಗಿದೆ. ಗುರುತಿಸಲು ತೆನೆಯ ಒಂದು ಗೆಣ್ಣನ್ನು ಬೆರಳಲ್ಲಿ ಹಿಡಿದು ನೋಡಬೇಕು. ಬಾರ್ಲಿಯಾದರೆ ಒಂದು ಗೆಣ್ಣಿಗೆ ಮೂರು ಕಿರುತೆನೆ, ಅದರಲ್ಲಿ ನಡುವಿನದಕ್ಕೆ ಮಾತ್ರ ಕಾಳು. ಗೋಧಿಯಾದರೆ ಗೆಣ್ಣಿಗೆ ಒಂದೇ ಕಿರುತೆನೆ, ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ. ಮೂರನೆಯ ಸೋದರಹುಲ್ಲು ಈಜಿಲಾಪ್ಸ್ ಕೂಡ ಅಲ್ಲೇ ಇರುತ್ತದೆ. ಅದರ ಹೊರಹೊಟ್ಟಿನ ಬೆನ್ನು ದುಂಡಗಿರುತ್ತದೆ, ಗೋಧಿಯ ಹೊಟ್ಟಿಗೆ ಬೆನ್ನುದ್ದಕ್ಕೂ ಚೂಪಾದ ಏಣು. ಮಾಗಿದ ಕಾಡುಗೋಧಿಯ ತೆನೆಯನ್ನು ಮೇಲಿನಿಂದ ಮೆಲ್ಲಗೆ ತಾಗಿದರೆ ಸಾಕು, ಬಾಣದ ಮೊನೆಯಂಥ ತುಂಡುಗಳಾಗಿ ಕೈಗೆ ಬರುತ್ತದೆ. ಒಂದೊಂದರಲ್ಲಿ ಎರಡು ಕಾಳು, ಎರಡು ಉದ್ದ ಮುಳ್ಳುಗೂದಲು. ನೆಲಕ್ಕೆ ಬಿದ್ದ ಮೇಲೆ ಹಗಲಿನ ಒಣಹವೆಗೆ ಈ ಕೂದಲುಗಳು ಹೊರಕ್ಕೆ ಬಾಗುತ್ತವೆ, ರಾತ್ರಿಯ ತೇವಕ್ಕೆ ಒಂದಕ್ಕೊಂದು ಹತ್ತಿರ ಬರುತ್ತವೆ. ಈಜುವ ಕಪ್ಪೆ ಕಾಲು ಚಾಚಿ ಮಡಚಿದ ಹಾಗೆ ದಿನಕ್ಕೊಮ್ಮೆ ಒದ್ದು ಒದ್ದು ಕಾಳನ್ನು ಮಣ್ಣಿನೊಳಗೆ ಇಳಿಸುತ್ತವೆ. ಕೂದಲಿನ ಮೇಲಿನ ಸೂಕ್ಷ್ಮ ಮುಳ್ಳುಗಳು ಹಿಂದಕ್ಕೆ ಜಾರಲು ಬಿಡುವುದಿಲ್ಲ. ಉತ್ತವರಿಲ್ಲ, ಬಿತ್ತಿದವರಿಲ್ಲ, ಮುಂದಿನ ಮಳೆಗೆ ಗಿಡ ತಯಾರು.

ರೈತನಿಗೆ ಇದೇ ಗುಣ ಕಂಟಕ. ಕೊಯ್ಯಲು ಹೋದಾಗ ಕಾಳು ನೆಲದಲ್ಲಿದ್ದರೆ ಒಕ್ಕಣೆ ಎಲ್ಲಿಯದು? ಒಮ್ಮೊಮ್ಮೆ ಉದುರದೆ ನಿಲ್ಲುವ ತೆನೆ ಹುಟ್ಟುತ್ತದೆ. ಕಾಡಿನಲ್ಲಿ ಅದರ ವಂಶ ಮುಂದುವರಿಯುವುದಿಲ್ಲ, ಮನುಷ್ಯನ ಕೈಗೆ ಸಿಕ್ಕಿದರೆ ಮುಂದುವರಿಯುತ್ತದೆ. ಹೊಲದ ಗೋಧಿ ಆದದ್ದು ಹಾಗೆ, ಹತ್ತು ಸಾವಿರ ವರ್ಷಗಳ ಆಸುಪಾಸಿನಲ್ಲಿ. ಪುರಾತತ್ವದವರು ಸುಟ್ಟ ತೆನೆಯ ಗೆಣ್ಣು ಸಿಕ್ಕಾಗ ಮೊದಲು ನೋಡುವುದು ಅದು ಮುರಿದ ಗುರುತನ್ನು. ನುಣುಪಾಗಿದ್ದರೆ ತಾನಾಗಿ ಉದುರಿದ ಕಾಡುಗೋಧಿ, ಸೀಳಿದಂತಿದ್ದರೆ ಬಡಿದು ಒಕ್ಕಿದ ಸಾಗುವಳಿ ಗೋಧಿ.

ಊರಲ್ಲಿ ಯಾರಾದರೂ "ಗೋಧಿ ಹುಟ್ಟಿದ್ದೇ ಇಲ್ಲಿ" ಎಂದರೆ ನಕ್ಕು ಮುಂದೆ ಹೋಗಿ. ಇಂದಿನ ವಂಶವಾಹಿ ಅಧ್ಯಯನಗಳು ಈ ಕಾಡುಗೋಧಿಯಿಂದ ಬಂದ ಸಾಗುವಳಿಯ ಎಮ್ಮರ್ ಗೋಧಿಯ ಮೂಲಕ್ಕೆ ಹೆಚ್ಚಾಗಿ ಆಗ್ನೇಯ ಟರ್ಕಿಯ ಕಡೆ ಕೈತೋರಿಸುತ್ತವೆ, ದಕ್ಷಿಣದ ಕಾಡುಗೋಧಿಯ ಬೆರಕೆಯೂ ಅದರಲ್ಲಿದೆ. ರೋಶ್ ಪಿನ್ನಾದ ಹೆಗ್ಗಳಿಕೆ ತವರಾಗಿದ್ದರಲ್ಲಿ ಇಲ್ಲ, ಕಾಡುಗೋಧಿ ಬದುಕಿದೆ ಎಂದು ರುಜುವಾತಾದ ಜಾಗ ಅದು. ಅದೇನು ಸಣ್ಣದಲ್ಲ. ಗೋಧಿಯ ಹಳದಿ ತುಕ್ಕುರೋಗಕ್ಕೆ ತಡೆ ಕೊಡುವ ವೈಆರ್ 15 ಎಂಬ ಜೀನನ್ನು 1980ರ ದಶಕದಲ್ಲಿ ಇಸ್ರೇಲಿನ ಕಾಡುಗೋಧಿಯಿಂದಲೇ ತೆಗೆದರು. ಊರಿನ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಅಮಿಯಾದ್ ಗುಡ್ಡದಲ್ಲಿ 1984ರಿಂದ ಕಾಡುಗೋಧಿಯ ಒಂದು ಸಮುದಾಯವನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರಿಗೆ ಈ ತೆನೆ ಪೂರ್ತಿ ಅಪರಿಚಿತವಲ್ಲ. ಹುಗ್ಗಿಗೆ, ಮಾದಲಿಗೆ, ಶಾವಿಗೆಗೆ ಹುಡುಕಿ ತರುವ ಜವೆ ಗೋಧಿ ಇದೇ ಎಮ್ಮರ್ ಕುಲದ್ದು, 28 ಕ್ರೋಮೋಸೋಮಿನದು. ಚಪಾತಿ ಗೋಧಿಗೆ 42. ಜವೆ ಗೋಧಿಯನ್ನು ಬಡಿದರೆ ಕಾಳು ಬಿಡುವುದಿಲ್ಲ, ಸಿಪ್ಪೆ ಸಮೇತ ಕಿರುತೆನೆಯೇ ಬರುತ್ತದೆ, ಮತ್ತೆ ಕುಟ್ಟಿಯೋ ಗಿರಣಿಗೆ ಹಾಕಿಯೋ ಸಿಪ್ಪೆ ತೆಗೆಸಬೇಕು. ಆ ಹಟಮಾರಿ ಸಿಪ್ಪೆ ಈ ಗುಡ್ಡದ ಗಿಡದ್ದೇ ಬಳುವಳಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಇದರಲ್ಲೇ ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳನ್ನು ಬಿಡುಗಡೆ ಮಾಡಿದೆ. ನೆನಪಿಗೆಂದು ಒಂದು ತೆನೆ ಕಿಸೆಗೆ ಹಾಕಿಕೊಳ್ಳುವ ಆಸೆ ಬರುತ್ತದೆ. ಬೇಡ. ಬಿತ್ತುವ ಬೀಜವನ್ನು ಭಾರತಕ್ಕೆ ತರಲು ಸಸ್ಯ ಕ್ವಾರಂಟೈನ್ ಪರವಾನಗಿ ಬೇಕು, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ತೆನೆಯೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಓಡಾಟದ ವಿಚಾರ ಇಲ್ಲೇ ಹೇಳಿಬಿಡಬೇಕು. ರೋಶ್ ಪಿನ್ನಾಕ್ಕೆ ರೈಲಿಲ್ಲ. ಹೈಫಾ ಕಡೆಯಿಂದ ಬಸ್ಸಿನಲ್ಲಿ ಒಂದೂವರೆ ಎರಡು ಗಂಟೆ ಹಿಡಿಯುತ್ತದೆ. ಚಾಲಕ ನಗದು ತೆಗೆದುಕೊಳ್ಳುತ್ತಾನೆ ಎಂದು ನಂಬಿ ಹತ್ತಬೇಡಿ. ರವ್-ಕವ್ ಎಂಬ ಕಾರ್ಡನ್ನು ವಿಮಾನ ನಿಲ್ದಾಣದಲ್ಲೇ ಮಾಡಿಸಿ ದುಡ್ಡು ತುಂಬಿಸಿಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಸ್ಸು ರೈಲು ಎರಡೂ ನಿಲ್ಲತೊಡಗುತ್ತವೆ, ಶನಿವಾರ ಕತ್ತಲಾಗುವವರೆಗೆ ಶುರುವಾಗುವುದಿಲ್ಲ. ಶುಕ್ರವಾರ ಎರಡು ಗಂಟೆಗೆ ಗುಡ್ಡದಿಂದ ಇಳಿದು ಬಂದವರಿಗೆ ಉಳಿಯುವುದು ಟ್ಯಾಕ್ಸಿ ಮಾತ್ರ, ಅವನು ಕೇಳಿದ್ದೇ ಬೆಲೆ. ಲೆಬನಾನ್ ಗಡಿ ಹತ್ತಿರವಿರುವುದರಿಂದ ಹೊರಡುವ ಮುನ್ನ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿಕೊಳ್ಳುವುದನ್ನೂ ಮರೆಯಬಾರದು.

ಹೈಫಾದಲ್ಲಿ ಬಹಾಯಿ ತೋಟಕ್ಕೆ ಎಲ್ಲರೂ ಹೋಗುತ್ತಾರೆ. ಕನ್ನಡಿಗರು ಜಾಫಾ ರಸ್ತೆಯ ಭಾರತೀಯ ಯೋಧರ ಸ್ಮಶಾನಕ್ಕೂ ಹೋಗಬೇಕು. 1918ರ ಸೆಪ್ಟೆಂಬರ್ 23ರಂದು ಈ ಊರನ್ನು ತುರ್ಕರಿಂದ ಗೆದ್ದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳ ಕುದುರೆ ದಳ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಬದಿ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಪಕ್ಕದಲ್ಲೇ ಓಡಾಡುವ ಎಷ್ಟು ಮಂದಿ ಅದನ್ನು ನಿಂತು ಓದಿದ್ದಾರೋ! ಆರನ್‌ಸನ್ನನ ಗೂಢಚಾರ ಜಾಲ ಅಷ್ಟರೊಳಗೆ ಒಡೆದು ಒಂದು ವರ್ಷವಾಗಿತ್ತು. ಆದರೆ ಅದು ಸುದ್ದಿ ಮುಟ್ಟಿಸುತ್ತಿದ್ದದ್ದು ಈ ಕುದುರೆ ದಳವಿದ್ದ ಬ್ರಿಟಿಷ್ ಸೈನ್ಯಕ್ಕೇ.

ಹೈಫಾದಿಂದ ದಕ್ಷಿಣಕ್ಕೆ ಕರಾವಳಿ ರೈಲಿನಲ್ಲಿ ಅತ್ಲಿತ್ ಸಿಗುತ್ತದೆ. ಇಲ್ಲೊಂದು ಸಿಟ್ಟು ಇನ್ನೂ ಆರಿಲ್ಲ. ಪ್ರವಾಸ ಏಜೆಂಟರು ಕೊಟ್ಟ ಪಟ್ಟಿಯಲ್ಲಿ "ಅತ್ಲಿತ್ ಕ್ರುಸೇಡರ್ ಕೋಟೆ, ಒಳಪ್ರವೇಶ" ಎಂದು ದಪ್ಪ ಅಕ್ಷರದಲ್ಲಿತ್ತು. ಟೆಂಪ್ಲರ್ ಎಂಬ ಕ್ರೈಸ್ತ ಯೋಧ-ಸನ್ಯಾಸಿಗಳು 1218ರಲ್ಲಿ ಕಟ್ಟಲು ತೊಡಗಿ 1291ರಲ್ಲಿ ಬಿಟ್ಟುಹೋದ ಆ ಕೋಟೆ ನೌಕಾಪಡೆಯ ನೆಲೆಯೊಳಗಿದೆ. ಸಾಮಾನ್ಯರಿಗೆ ಪ್ರವೇಶವಿಲ್ಲ. ದೂರದಿಂದ ಗೋಡೆಯ ಚೂರು ನೋಡಿ ಬರಬೇಕು, ನೆಲೆಯ ಕಡೆ ಕ್ಯಾಮೆರಾ ತಿರುಗಿಸದಿದ್ದರೆ ಕ್ಷೇಮ. ಕೊಟ್ಟ ದುಡ್ಡು ವಾಪಸು ಬರುವುದಿಲ್ಲ.

ಕೋಟೆಯ ನಿರಾಸೆಯನ್ನು ತಾಳೆ ಮರಗಳು ತೀರಿಸುತ್ತವೆ. ಹಳೆಯ ರಸ್ತೆಯ ಬಳಿ ಸಾಲಾಗಿ ನಿಂತ ಎತ್ತರದ ವಾಷಿಂಗ್ಟೋನಿಯಾ ತಾಳೆಗಳು ಆರನ್‌ಸನ್ನನ ಪ್ರಯೋಗ ಕ್ಷೇತ್ರದ ಗುರುತು. ಮರದ ಮೂಲ ಅಮೆರಿಕದ ನೈಋತ್ಯ ಭಾಗ. ಅದಕ್ಕೆ ಕಾರಣವಿದೆ. ಕಾಡುಗೋಧಿಯ ಸುದ್ದಿ ಹಬ್ಬಿದ ಮೇಲೆ 1909ರಲ್ಲಿ ಅಮೆರಿಕದ ಕೃಷಿ ಇಲಾಖೆ ಆತನನ್ನು ಬರಮಾಡಿಕೊಂಡಿತು. ಕ್ಯಾಲಿಫೋರ್ನಿಯಾ ನೋಡಿದಾಗ ಆತನಿಗೆ ಹೊಳೆದದ್ದು ಇಷ್ಟು: ಎರಡೂ ಕಡೆ ಚಳಿಗಾಲದಲ್ಲಿ ಮಳೆ, ಬೇಸಗೆಯಲ್ಲಿ ಒಣಹವೆ. ಹಾಗಾಗಿ ಅಲ್ಲಿ ಬದುಕುವ ಗಿಡ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಹೊಂದಬೇಕು. ಸಿಯರ್ಸ್ ಅಂಗಡಿಯ ಜೂಲಿಯಸ್ ರೋಸನ್‌ವಾಲ್ಡ್‌ರಂಥ ಅಮೆರಿಕನ್ ಯಹೂದಿ ಧನಿಕರು ದುಡ್ಡು ಹಾಕಿದರು. 1910ರಲ್ಲಿ ಅತ್ಲಿತ್ ಕ್ಷೇತ್ರ ಶುರುವಾಯಿತು. ಗೋಧಿ, ಎಳ್ಳು, ದ್ರಾಕ್ಷಿಯ ತಳಿ ಪರೀಕ್ಷೆ, ಜೊತೆಗೊಂದು ಗ್ರಂಥಾಲಯ, ಒಣಸಸ್ಯ ಸಂಗ್ರಹ. ಹೊಲದ ಕೆಲಸಕ್ಕೆ ಸುತ್ತಲಿನ ಅರಬರನ್ನೇ ಇಟ್ಟುಕೊಂಡಿದ್ದ. ಯಹೂದಿ ಕಾರ್ಮಿಕ ಪಕ್ಷಗಳು ಅದಕ್ಕೆ ಅವನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಅವನೂ ಅವರನ್ನು ಲೆಕ್ಕಕ್ಕಿಡಲಿಲ್ಲ, ನಾಲಿಗೆ ಚುರುಕು, ಸ್ವಭಾವ ಒರಟು.

ಅಲ್ಲಿಂದ ಬಿನ್ಯಾಮಿನಾ ನಿಲ್ದಾಣಕ್ಕೆ ರೈಲು, ಬಿನ್ಯಾಮಿನಾದಿಂದ ಜಿಖ್ರೋನ್ ಯಾಕೋವ್ ಗುಡ್ಡಕ್ಕೆ ಬಸ್ಸು. ಸ್ಥಾಪಕರ ಬೀದಿಯಲ್ಲಿ ಆರನ್‌ಸನ್ ಕುಟುಂಬದ ಮನೆಗಳು ಈಗ ವಸ್ತುಸಂಗ್ರಹಾಲಯ. ಶನಿವಾರ ಬಾಗಿಲು ಹಾಕಿರುತ್ತದೆ, ಶುಕ್ರವಾರ ಬೇಗ ಮುಚ್ಚುತ್ತದೆ, ಮಾರ್ಗದರ್ಶಕರ ಜೊತೆಯೇ ನೋಡಬೇಕಾದ್ದರಿಂದ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಅಲ್ಲಿನ ಕಥನವೆಲ್ಲ ತಂಗಿ ಸಾರಾಳ ಸುತ್ತ. ಪಿಸ್ತೂಲು, ಪಾರಿವಾಳ, ಗುಪ್ತ ದಾರಿ. ಮಕ್ಕಳ ಗುಂಪು ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಗಿಡಗಳ ಭಾಗ ಬೇಗ ಮುಗಿದುಹೋಗುತ್ತದೆ. ನೀಲಿ ಎಂಬ ಆ ಗೂಢಚಾರ ಗುಂಪಿಗೆ ದಾರಿ ಮಾಡಿಕೊಟ್ಟದ್ದು ಮಿಡತೆ ಎಂಬುದನ್ನು ಕೇಳಿ ಕೇಳಿ ಹೊರತೆಗೆಯಬೇಕಾಯಿತು.

"1915ರ ಮಿಡತೆ ಹೋರಾಟ ಸೋತಿತಲ್ಲವೇ?" ಎಂದರೆ ವಯಸ್ಸಾದ ಮಾರ್ಗದರ್ಶಕಿ ನಕ್ಕರು. "ನೀವು ರೈತರ ಕಡೆಯವರೇ?"

"ರೈತರ ಸೀಮೆಯವರು."

"ಹಾಗಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ಮಾರ್ಚಿನಲ್ಲಿ ಹಾರಿ ಬಂದವು. ಬಂದ ಮಿಡತೆಯನ್ನು ಹೊಡೆದು ಪ್ರಯೋಜನವಿಲ್ಲ ಅಂತ ಆರನ್‌ಗೆ ಗೊತ್ತು. ಅವು ಮಣ್ಣಿನಲ್ಲಿ ಅರ್ಧ ಗೇಣು ಆಳದಲ್ಲಿ ಮೊಟ್ಟೆಯ ಗೊಂಚಲು ಇಡುತ್ತವೆ. ಮೊಟ್ಟೆ ಒಡೆಯುವುದರೊಳಗೆ ಅಗೆದು ತೆಗೆಯಬೇಕು. ಹದಿನೈದರಿಂದ ಅರವತ್ತು ವಯಸ್ಸಿನ ಪ್ರತಿ ಗಂಡಸೂ 20 ಕಿಲೋ ಮೊಟ್ಟೆ ತಂದೊಪ್ಪಿಸಬೇಕು, ಇಲ್ಲದಿದ್ದರೆ ದಂಡ ಅಂತ ಸರ್ಕಾರ ಆಜ್ಞೆ ಮಾಡಿತು."

"ತಪ್ಪಿಸಿಕೊಂಡ ಮೊಟ್ಟೆ?"

"ಅದರಿಂದ ರೆಕ್ಕೆಯಿಲ್ಲದ ಮರಿ. ಹಾರುವುದಕ್ಕೆ ಒಂದು ತಿಂಗಳ ಮೇಲೆ ಬೇಕು. ಆ ತಿಂಗಳೇ ನಿಮ್ಮ ಕೈಲಿರುವುದು. ಕಂದಕ ತೋಡಿ, ತಗಡಿನ ಬೇಲಿ ನಿಲ್ಲಿಸಿ, ಬಾವುಟ ಬೀಸಿ ಓಡಿಸಿದರೆ ನುಣುಪು ತಗಡು ಹತ್ತಲಾರದೆ ಗುಂಡಿಗೆ ಬೀಳುತ್ತವೆ, ಮೇಲೆ ಮಣ್ಣು ಮುಚ್ಚಬೇಕು. ಒಂದು ಹಳ್ಳಿ ಮಾಡಿ ಪಕ್ಕದ ಹಳ್ಳಿ ಬಿಟ್ಟರೆ ಎಲ್ಲ ವ್ಯರ್ಥ."

"ಬಿಟ್ಟರೇ?"

"ಬಿಡದೆ ಏನು ಮಾಡಿಯಾರು? ಯುದ್ಧ. ಗಂಡಸರು ಸೈನ್ಯಕ್ಕೆ, ಎತ್ತು ಗಾಡಿ ಸೈನ್ಯಕ್ಕೆ. ಆರನ್ ಸಿಟ್ಟಾಗಿ ರಾಜೀನಾಮೆ ಕೊಟ್ಟ. ಆದರೆ ಒಂದು ಆಗಿತ್ತು. ಇಲ್ಲಿನ ತುರ್ಕಿ ಸೇನಾಧಿಪತಿ ಜಮಾಲ್ ಪಾಷಾ ಸೀಮೆಯೆಲ್ಲ ಓಡಾಡಲು ಅವನಿಗೂ ಅವನ ಜನಕ್ಕೂ ಪರವಾನಗಿ ಕೊಟ್ಟಿದ್ದ. ಮಿಡತೆ ನೋಡಲು ಹೋದವನಿಗೆ ಠಾಣ್ಯವೂ ಕಾಣುತ್ತದೆ, ರಸ್ತೆಯೂ ಕಾಣುತ್ತದೆ, ಹಸಿವೂ ಕಾಣುತ್ತದೆ."

ಮಾತು ಅಲ್ಲಿಗೆ ನಿಲ್ಲಲಿಲ್ಲ. 1915ರ ಕೊನೆಗೆ ಸಾರಾ ಇಸ್ತಾನ್‌ಬುಲ್‌ನಿಂದ ತವರಿಗೆ ಬರುವ ದಾರಿಯಲ್ಲಿ ಅರ್ಮೇನಿಯನ್ನರ ಕಗ್ಗೊಲೆಯನ್ನು ಕಣ್ಣಾರೆ ಕಂಡು ಬಂದಿದ್ದಳು. ನಾಳೆ ನಮ್ಮ ಸರದಿ ಎಂದು ಅಣ್ಣ ತಂಗಿ ಇಬ್ಬರಿಗೂ ಖಾತ್ರಿಯಾಯಿತು. 1916ರಲ್ಲಿ ಎಣ್ಣೆಗಾಗಿ ಎಳ್ಳಿನ ಸಂಶೋಧನೆ ಮಾಡಬೇಕೆಂದು ಪಾಷಾನ ಒಪ್ಪಿಗೆ ಪಡೆದು ಆರನ್ ಬರ್ಲಿನ್ನಿಗೆ ಹೋದ, ಅಲ್ಲಿಂದ ಕೋಪನ್‌ಹೇಗನ್. ಅಮೆರಿಕಕ್ಕೆ ಹೊರಟ ಹಡಗನ್ನು ಸ್ಕಾಟ್ಲೆಂಡಿನ ಕರ್ಕ್‌ವಾಲ್‌ನಲ್ಲಿ ಬ್ರಿಟಿಷರು ತಡೆದು, ಮೊದಲೇ ಮಾತಾದಂತೆ ಅವನನ್ನು ಬಂಧಿಸಿದ ನಾಟಕ ಮಾಡಿ ಲಂಡನ್ನಿಗೆ ಒಯ್ದರು. ಆ ಡಿಸೆಂಬರಿನಲ್ಲಿ ಕೈರೋ. 1917ರ ಫೆಬ್ರವರಿಯಿಂದ ಅತ್ಲಿತ್ ತೀರಕ್ಕೆ ಕತ್ತಲಲ್ಲಿ ಚಿಕ್ಕ ಹಡಗು ಬಂದು ಪ್ರಯೋಗ ಕ್ಷೇತ್ರದಿಂದ ಸುದ್ದಿಯ ಕಟ್ಟು ಒಯ್ಯತೊಡಗಿತು. ಹಡಗು ತಡವಾದಾಗ ಪಾರಿವಾಳ ಬಿಟ್ಟರು. ಸೆಪ್ಟೆಂಬರಿನಲ್ಲಿ ಒಂದು ಪಾರಿವಾಳ ಕೈಸರಿಯಾದಲ್ಲಿ ತುರ್ಕಿ ಅಧಿಕಾರಿಯ ಕೈಗೆ ಸಿಕ್ಕಿತು. ಅಕ್ಟೋಬರ್ 1ಕ್ಕೆ ಸೈನಿಕರು ಜಿಖ್ರೋನ್ ಮುತ್ತಿದರು. ಚಿತ್ರಹಿಂಸೆಯ ನಡುವೆ, ಬಟ್ಟೆ ಬದಲಿಸುವ ನೆಪದಲ್ಲಿ ಮನೆಗೆ ಬಂದ ಸಾರಾ ಅಡಗಿಸಿಟ್ಟ ಪಿಸ್ತೂಲಿನಿಂದ ಅಕ್ಟೋಬರ್ 5ರಂದು ತನಗೇ ಗುಂಡು ಹಾರಿಸಿಕೊಂಡಳು, 9ರಂದು ತೀರಿಕೊಂಡಳು. ಊರಿನ ಸ್ಮಶಾನದಲ್ಲಿ ಅವಳ ಗೋರಿಗೆ ಸುತ್ತ ಬೇಲಿ ಇದೆ. ಆತ್ಮಹತ್ಯೆ ಮಾಡಿಕೊಂಡವರನ್ನು ಉಳಿದವರ ಜೊತೆ ಹೂಳಬಾರದೆಂಬ ಕಟ್ಟಳೆಗೂ ಊರಿನ ಅಭಿಮಾನಕ್ಕೂ ನಡುವಿನ ರಾಜಿ ಅದು.

ಆರನ್ ಆಗ ದೇಶದಲ್ಲಿರಲಿಲ್ಲ. ಆ ಚಳಿಗಾಲ ಝಿಯೋನಿಸ್ಟ್ ಚಳವಳಿಯ, ಅಂದರೆ ಪ್ಯಾಲೆಸ್ಟೈನಿನಲ್ಲಿ ಯಹೂದಿ ನಾಡು ಬೇಕೆಂಬ ಚಳವಳಿಯ, ನಾಯಕ ವೈಜ್‌ಮನ್ ಪರವಾಗಿ ಅಮೆರಿಕ, 1918ರಲ್ಲಿ ಝಿಯೋನಿಸ್ಟ್ ಆಯೋಗದ ಸದಸ್ಯನಾಗಿ ಮತ್ತೆ ಪ್ಯಾಲೆಸ್ಟೈನ್, 1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನ. ಬೆನ್ನಿಗೆ ಸರ್ಕಾರವಿಲ್ಲದ ರಾಜತಾಂತ್ರಿಕ. ಫೆಬ್ರವರಿಯಲ್ಲಿ ಸಮ್ಮೇಳನದ ಮುಂದಿಟ್ಟ ಝಿಯೋನಿಸ್ಟ್ ಗಡಿ ಬೇಡಿಕೆಯಲ್ಲಿ ಅವನ ಕೈ ಸ್ಪಷ್ಟ. ಬೈಬಲ್ಲಿನ ಸೀಮೆಗಳ ಮಾತಿಗಿಂತ ಅಲ್ಲಿ ನೀರಿನ ಮಾತು ಹೆಚ್ಚು ತೂಕದ್ದು. ಲೆಬನಾನ್ ಕರಾವಳಿಯ ಸಿಡೋನ್‌ನ ದಕ್ಷಿಣದಿಂದ ಹೊರಟ ಉತ್ತರ ಗಡಿ ಲಿಟಾನಿ ನದಿಯ ತಿರುವನ್ನು ಒಳಗೆ ಎಳೆದುಕೊಂಡು ಹೆರ್ಮೋನ್ ಕಡೆ ಹೋಗುತ್ತದೆ, ಪೂರ್ವದ ಗಡಿ ದಮಾಸ್ಕಸ್‌ನಿಂದ ಮದೀನಾ ಕಡೆಗಿನ ಹಿಜಾಜ್ ರೈಲುಹಳಿಗೆ ಹತ್ತಿರ. ಹೆರ್ಮೋನ್ ಈ ನಾಡಿನ "ನೀರುಗಳ ತಂದೆ", ಅದನ್ನು ಕತ್ತರಿಸಿದರೆ ಕೆಳಗಿನ ಹೊಲ ಬದುಕುವುದಿಲ್ಲ ಎಂಬುದು ಆ ಮನವಿಯ ವಾದ. ಜೋರ್ಡಾನಿನ ಸೆಲೆಗಳು, ಅದರ ಉಪನದಿ ಯಾರ್ಮುಕ್, ಹಿಮ ಕರಗುವ ಹೊತ್ತು, ಇವೆಲ್ಲ ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಸುತ್ತಿ ಗಿಡ ಹುಡುಕಿದವನ ತಿಳಿವಳಿಕೆ. ಅದೇ ನೀರಿನಿಂದ ಅದೇ ನೆಲ ಉಳುತ್ತಿದ್ದ ಅರಬ್ ಹಳ್ಳಿಗಳು ಏನನ್ನುತ್ತವೆ ಎಂಬುದಕ್ಕೆ ಆ ರೇಖೆಯಲ್ಲಿ ಜಾಗವಿರಲಿಲ್ಲ. ಜಲಾನಯನದ ವಾದ ಎಷ್ಟೇ ಗಟ್ಟಿಯಿದ್ದರೂ ಅದು ಒಂದು ಪಕ್ಷದ ವಾದ ಎಂಬುದನ್ನು ಮರೆಯಬಾರದು.

ವಾದ ಮುಗಿಯುವವರೆಗೆ ಆತ ಇರಲಿಲ್ಲ. 1919ರ ಮೇ 15ರಂದು ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೊರಟ ಚಿಕ್ಕ ವಿಮಾನ ಬೂಲೋನ್ ಬಳಿ ಇಂಗ್ಲಿಷ್ ಕಾಲುವೆಗೆ ಬಿತ್ತು. ದೇಹ ಸಿಗಲಿಲ್ಲ, ಜಿಖ್ರೋನ್ ಸ್ಮಶಾನದಲ್ಲಿ ಅವನಿಗೆ ಗೋರಿಯಿಲ್ಲ. 1923ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕೊನೆಗೆ ಒಪ್ಪಿದ ಗಡಿಯಲ್ಲಿ ಲಿಟಾನಿ ಹೊರಗುಳಿಯಿತು, ಹೆರ್ಮೋನ್ ಹೊರಗುಳಿಯಿತು, ಜೋರ್ಡಾನಿಗೆ ನೀರು ಕೊಡುವ ಬಾನಿಯಾಸ್ ಸೆಲೆ ಸಿರಿಯಾ ಕಡೆ ಹೋಯಿತು. ಗಲಿಲಿ ಸರೋವರ ಮಾತ್ರ ಪೂರ್ತಿ ಪ್ಯಾಲೆಸ್ಟೈನಿನೊಳಗೆ ಬಂತು, ಈಶಾನ್ಯ ದಡದಲ್ಲಿ ಹತ್ತು ಮೀಟರ್ ಅಗಲದ ಪಟ್ಟಿಯ ಸಮೇತ.

ಜೋರ್ಡಾನಿನ ಆಚೆ ಆತ ಸಂಗ್ರಹಿಸಿದ ಸಸ್ಯಗಳ ಪಟ್ಟಿಯನ್ನು ಬೇರೆಯವರು ತಿದ್ದಿ 1931ರಲ್ಲಿ ಪ್ರಕಟಿಸಿದರು. ಒಣಸಸ್ಯ ಸಂಗ್ರಹದ ಬಗ್ಗೆ ಆಸಕ್ತಿಯಿದ್ದವರು ಸಂಗ್ರಹಾಲಯಕ್ಕೆ ಮುಂಚೆಯೇ ಪತ್ರ ಬರೆದು, ಗೂಢಚಾರ ಕಥೆ ಬೇಡ, ಗಿಡಗಳನ್ನು ನೋಡಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು. ವಾರದ ನಡುವಿನ ಬೆಳಗಿನ ಹೊತ್ತು ಕೇಳಿ, ಶಾಲಾ ಮಕ್ಕಳ ಗುಂಪು ಬರುವ ಮೊದಲು.